ಕೊರೋನಾ ಮತ್ತು ಘ್ರಾಣಶಕ್ತಿ: ರಕ್ತಪರೀಕ್ಷೆ ಹೇಳುವುದೇನು, ಹೇಳದಿರುವುದೇನು?

ಕಣ್ಣು ಮಂಜಾದರೆ ಕನ್ನಡಕವುಂಟು, ಕಿವಿ ಮಂದವಾದರೆ ಶ್ರವಣಯಂತ್ರವುಂಟು. ಮೂಗು ತನ್ನ ಕೆಲಸವನ್ನು ನಿಲ್ಲಿಸಿದರೆ ಮಾತ್ರ ಅದನ್ನೊಂದು ಕಾಯಿಲೆಯೆಂದು ಪರಿಗಣಿಸುವವರೇ ವಿರಳ. ಪಂಚೇಂದ್ರಿಯಗಳಲ್ಲಿ ಹೀಗೆ ಉಪೇಕ್ಷೆಗೆ ಗುರಿಯಾಗಿದ್ದ ಘ್ರಾಣೇಂದ್ರಿಯವು 2020ರಲ್ಲಿ ಹಠಾತ್ತನೆ ಲೋಕದ ಗಮನವನ್ನು ಸೆಳೆಯಿತು. ವಾಸನೆ ತಿಳಿಯದಿರುವುದು ಕೊರೋನಾ ಸೋಂಕಿನ ಚಿಹ್ನೆಯಾಗಿರಬಹುದೆಂದು ಆ ವರ್ಷದ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಕಿವಿ, ಮೂಗು, ಗಂಟಲು ತಜ್ಞರು ಎಚ್ಚರಿಸಿದರು. ಜೂನ್ 13ರಂದು ಭಾರತದ ಕೇಂದ್ರ ಆರೋಗ್ಯ ಮಂತ್ರಾಲಯವೂ ವಾಸನೆ ಹಾಗೂ ರುಚಿಯ ನಷ್ಟವನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು.

ಒಗ್ಗರಣೆಗೆ ಬಿದ್ದ ಇಂಗಿನ ಘಮವಾಗಲಿ, ಬೆಳಗಿನ ಕಾಫಿಯ ಪರಿಮಳವಾಗಲಿ ತಿಳಿಯದೆ ಕಂಗೆಟ್ಟವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಈ ನಷ್ಟವು ಶಾಶ್ವತವೇ? ರಕ್ತಪರೀಕ್ಷೆಯ ವರದಿಯಲ್ಲಿ ಎಲ್ಲವೂ ಸರಿಯಾಗಿದ್ದರೆ, ವಾಸನೆ ಬಾರದಿರುವುದು ಕೇವಲ ಮನಸ್ಸಿನ ಭ್ರಮೆಯೇ?

ಮೂಗಿನೊಳಗೆ ನಡೆಯುವುದೇನು?

ನೆಗಡಿಯಲ್ಲಿ ಮೂಗು ಕಟ್ಟಿ ವಾಸನೆ ತಿಳಿಯದಿರುವುದು ಎಲ್ಲರ ಅನುಭವ. ಕೊರೋನಾದಲ್ಲಾದರೋ ಉಸಿರು ಸರಾಗವಾಗಿದ್ದರೂ ವಾಸನೆ ಮಾಯವಾಗುತ್ತದೆ. ಮೂಗಿನ ಮೇಲ್ತುದಿಯಲ್ಲಿ ಅಂಚೆಚೀಟಿಯಷ್ಟು ಅಗಲದ ಒಂದು ಪೊರೆಯಿದೆ. ವಾಸನೆಯನ್ನು ಗ್ರಹಿಸಿ ಮಿದುಳಿಗೆ ತಿಳಿಸುವ ನರಕೋಶಗಳೂ, ಅವುಗಳನ್ನು ಪೋಷಿಸುವ ಆಧಾರಕೋಶಗಳೂ ಅಲ್ಲಿ ಒತ್ತಾಗಿ ನೆಲೆಸಿವೆ. ಕೊರೋನಾ ವೈರಸ್ಸು ಕೋಶದೊಳಗೆ ಪ್ರವೇಶಿಸಬೇಕಾದರೆ ಏಸ್-2 ಎಂಬ ಪ್ರೋಟೀನಿನ ಬಾಗಿಲು ಬೇಕು. ಈ ಬಾಗಿಲು ಇರುವುದು ಆಧಾರಕೋಶಗಳಲ್ಲಿಯೇ ಹೊರತು ಘ್ರಾಣನರಕೋಶಗಳಲ್ಲಿ ಅಲ್ಲವೆಂಬುದನ್ನು ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯದ ಸಂದೀಪ್ ರಾಬರ್ಟ್ ದತ್ತಾ ಮತ್ತು ಸಂಗಡಿಗರು 2020ರ ಜುಲೈನಲ್ಲಿ ಪ್ರಕಟಿಸಿದರು.

ಪೋಷಿಸುವವರೇ ಹಾಸಿಗೆ ಹಿಡಿದರೆ ಮನೆಯ ಕೆಲಸ ನಿಲ್ಲುವಂತೆ, ಆಧಾರಕೋಶಗಳು ನಾಶವಾದಾಗ ನರಕೋಶಗಳೂ ಕೆಲಸ ನಿಲ್ಲಿಸುತ್ತವೆ. ರೋಗನಿರೋಧಕ ಕೋಶಗಳು ಧಾವಿಸಿ ಬಂದು ಅಲ್ಲಿ ಉರಿಯೂತವುಂಟಾಗುತ್ತದೆ. ಆದರೆ ಈ ಪೊರೆಗೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಸಾಮರ್ಥ್ಯವಿದೆ. ಆದುದರಿಂದಲೇ ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಶೇಕಡಾ 74ರಷ್ಟು ಮಂದಿ 30 ದಿನಗಳಲ್ಲಿ, ಶೇಕಡಾ 96ರಷ್ಟು ಮಂದಿ 180 ದಿನಗಳಲ್ಲಿ ಚೇತರಿಸಿಕೊಂಡಿದ್ದರು.

ಉಳಿದವರ ಗತಿಯೇನು? ಇಂತಹ ಕೆಲವರ ಮೂಗಿನ ಪೊರೆಯ ತುಣುಕುಗಳನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿ 2022ರ ಡಿಸೆಂಬರಿನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವೈರಸ್ಸು ಅಲ್ಲಿ ಕಂಡುಬರದಿದ್ದರೂ ಟೀ-ಕೋಶಗಳೆಂಬ ರೋಗನಿರೋಧಕ ಕೋಶಗಳು ಬೀಡುಬಿಟ್ಟಿದ್ದವು. ಘ್ರಾಣನರಕೋಶಗಳ ಸಂಖ್ಯೆ ಕುಗ್ಗಿತ್ತು. ಶತ್ರು ಹೋದ ಮೇಲೂ ಸೈನ್ಯ ಹಿಂದಿರುಗದೆ ಊರನ್ನು ಕಾಡುವಂತಹ ಸ್ಥಿತಿ ಇದು.

ರಕ್ತದ ಸೂಚಕಗಳು

ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಕೆಲವು ವಸ್ತುಗಳು ಏರುತ್ತವೆ. ಇವುಗಳಲ್ಲಿ ಪ್ರಸಿದ್ಧವಾದ ಸಿ-ರಿಯಾಕ್ಟಿವ್ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳಲ್ಲಿ ಕಂಡುಹಿಡಿದರು. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕದ ಪ್ರೇರಣೆಯಿಂದ ಯಕೃತ್ತು ಇದನ್ನು ತಯಾರಿಸುತ್ತದೆ. ಕೊರೋನಾ ಶ್ವಾಸಕೋಶವನ್ನು ಆಕ್ರಮಿಸಿದಾಗ ಇವೆರಡೂ, ಫೆರಿಟಿನ್ ಸಹ, ಏರುವುದುಂಟು. ತೀವ್ರ ರೋಗಿಗಳಿಗೆ ಚಿಕಿತ್ಸೆ ನಿರ್ಧರಿಸಲು ಈ ಅಂಕಿಗಳು ನಿಜಕ್ಕೂ ನೆರವಾಗಿವೆ.

ಆದರೆ ಘ್ರಾಣನಷ್ಟದ ಅಳತೆಗೋಲು ಇದಲ್ಲ. ಒಂದು ಶಾಖೆಗೆ ದೊಡ್ಡ ನಷ್ಟವಾದರೂ ಇಡೀ ಬ್ಯಾಂಕಿನ ಆಢಾವೆ ಪತ್ರಿಕೆಯಲ್ಲಿ ಅದು ಎದ್ದುಕಾಣದಿರಬಹುದು. ಅಂತೆಯೇ ಅಂಚೆಚೀಟಿಯಗಲದ ಪೊರೆಯ ಉರಿಯೂತವು ಇಡೀ ದೇಹದ ರಕ್ತದಲ್ಲಿ ಗೋಚರಿಸಲೇಬೇಕೆಂದಿಲ್ಲ. ಯುರೋಪಿನ 18 ಆಸ್ಪತ್ರೆಗಳ ರೋಗಿಗಳನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೌಮ್ಯ ರೋಗವಿದ್ದವರಲ್ಲಿ ಶೇಕಡಾ 86ರಷ್ಟು ಮಂದಿ ಘ್ರಾಣನಷ್ಟವನ್ನು ಹೇಳಿಕೊಂಡಿದ್ದರು. ತೀವ್ರ ರೋಗಿಗಳಲ್ಲಿ ಹಾಗೆ ಹೇಳಿದವರು ಕೇವಲ ಶೇಕಡಾ 7ರಷ್ಟು.

ಇದರಿಂದ ಎರಡು ಪಾಠಗಳಿವೆ. ವರದಿ ಸರಿಯಿದೆಯೆಂದು ರೋಗಿಯ ಮಾತನ್ನು ಅಲ್ಲಗಳೆಯಬಾರದು. ವಾಸನೆ ಹೋಯಿತೆಂದು ಗಾಬರಿಯಾಗಿ ದುಬಾರಿ ಪರೀಕ್ಷೆಗಳಿಗೆ ಧಾವಿಸಲೂಬಾರದು. ಸೌಮ್ಯ ರೋಗದಲ್ಲಿ ಇಂತಹ ಪರೀಕ್ಷೆಗಳು ಅನಗತ್ಯವೆಂದೂ, ಆರಂಭದಲ್ಲಿಯೇ ಸ್ಟಿರಾಯ್ಡ್ ಸೇವನೆ ಹಾನಿಕರವೆಂದೂ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ 2021ರ ಮೇ ತಿಂಗಳಲ್ಲಿಯೇ ಎಚ್ಚರಿಸಿದ್ದರು.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ 2009ರಲ್ಲಿ ಪ್ರಕಟಿಸಿದ ಘ್ರಾಣಾಭ್ಯಾಸವು ಖರ್ಚಿಲ್ಲದ ಉಪಾಯ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕರ ಪರಿಮಳವನ್ನು ದಿನಕ್ಕೆರಡು ಬಾರಿ, ಒಂದೊಂದನ್ನೂ ಸುಮಾರು ಹತ್ತು ಸೆಕೆಂಡು, ಮನಸ್ಸಿಟ್ಟು ಮೂಸಬೇಕು. ಕನಿಷ್ಠ 12 ವಾರಗಳ ತಾಳ್ಮೆ ಅಗತ್ಯ. ಎಲ್ಲರಿಗೂ ಫಲ ಖಚಿತವೆನ್ನಲಾಗದು; ಅಪಾಯವಂತೂ ಇಲ್ಲ. ನಡುವೆ ಕಾಫಿ, ಈರುಳ್ಳಿ, ಬೆಳ್ಳುಳ್ಳಿಗಳು ಕೊಳೆತಂತೆ ನಾರಿದರೆ ಎದೆಗುಂದಬಾರದು. ಅನೇಕರಲ್ಲಿ ಅದು ನರಗಳು ಮತ್ತೆ ಚಿಗುರುತ್ತಿರುವುದರ ಲಕ್ಷಣ.

ಸುರಕ್ಷತೆಯ ವಿಷಯದಲ್ಲಿ ಉದಾಸೀನ ಸಲ್ಲದು. ಅಡಿಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ; ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ಮರ್ಕ್ಯಾಪ್ಟಾನನ್ನು ಬೆರೆಸಿರುತ್ತಾರೆ. ಮಹಾನಗರದ ಪುಟ್ಟ ಮನೆಗಳಲ್ಲಿ, ಅದರಲ್ಲಿಯೂ ಒಂಟಿಯಾಗಿ ವಾಸಿಸುವ ವೃದ್ಧರಿಗೆ ಹಾಗೂ ಉದ್ಯೋಗಸ್ಥ ತರುಣರಿಗೆ, ಆ ಎಚ್ಚರಿಕೆಯೇ ತಲುಪದಿದ್ದರೆ ಪ್ರಾಣಕ್ಕೆ ಸಂಚಕಾರ. ಅಂಥವರು ರಾತ್ರಿ ರೆಗ್ಯುಲೇಟರನ್ನು ತಪ್ಪದೆ ಮುಚ್ಚಬೇಕು, ಸಾಧ್ಯವಾದರೆ ಅನಿಲಸೂಚಕ ಯಂತ್ರವನ್ನು ಅಳವಡಿಸಬೇಕು, ಹಾಲು ಹಾಗೂ ಉಳಿದ ಅಡಿಗೆಯನ್ನು ದಿನ ನೋಡಿಯೇ ಬಳಸಬೇಕು.

ಓಮಿಕ್ರಾನ್ ತಳಿ ಬಂದಂದಿನಿಂದ ಘ್ರಾಣನಷ್ಟ ವಿರಳವಾಗಿದೆ. ಆದರೂ ಹಿಂದಿನ ಅಲೆಗಳಲ್ಲಿ ಅದನ್ನು ಕಳೆದುಕೊಂಡು ಇನ್ನೂ ಪಡೆಯದವರಿದ್ದಾರೆ. ಮೂಗಿನ ಗಡ್ಡೆ, ತಲೆಗೆ ಬಿದ್ದ ಪೆಟ್ಟು, ಪಾರ್ಕಿನ್ಸನ್ ಕಾಯಿಲೆಗಳಿಂದಲೂ ವಾಸನೆ ಕುಂದಬಹುದಾದ್ದರಿಂದ, ತಿಂಗಳು ಕಳೆದರೂ ಗುಣ ಕಾಣದಿದ್ದವರು ತಜ್ಞ ವೈದ್ಯರನ್ನು ಕಾಣುವುದು ಲೇಸು. ಅಡಿಗೆ ರುಚಿಸುತ್ತಿಲ್ಲವೆಂದು ತಟ್ಟೆಯನ್ನು ಸರಿಸುವವರನ್ನು ಮನೆಮಂದಿ ಗದರಿಸದೆ, ಅವರ ಮಾತನ್ನು ನಂಬಿದರೆ ಚಿಕಿತ್ಸೆಯ ಮೊದಲ ಹೆಜ್ಜೆ ಇಟ್ಟಂತೆಯೇ ಸರಿ.