ನೆಟ್ ಇಲ್ಲದ ಘಟ್ಟದಲ್ಲಿ ಪುಕ್ಕಟೆ ಪುಸ್ತಕ

"ಅಲ್ಲಿ ನೆಟ್ಟೇ ಸಿಗಲ್ಲ, ಇ-ರೀಡರ್ ಹೊತ್ಕೊಂಡು ಹೋಗಿ ಏನ್ ಮಾಡ್ತೀರಿ?" ಸಕಲೇಶಪುರದ ಕಡೆ ಹೊರಟವರು ಕೇಳಿಸಿಕೊಳ್ಳುವ ಮಾತಿದು. ಅರ್ಧ ನಿಜ. ಆಲೂರು, ಪಾಳ್ಯ, ಬಾಳ್ಳುಪೇಟೆ ದಾಟಿ ಸಕಲೇಶಪುರ ಪೇಟೆ ಮುಟ್ಟುವವರೆಗೂ ಹೆದ್ದಾರಿಯ ಮೇಲೆ ಸಿಗ್ನಲ್ ಹೇಗೋ ನಡೆಯುತ್ತದೆ. ಹೆತ್ತೂರು, ಬಿಸಿಲೆ, ಹಾನುಬಾಳಿನ ಕಡೆಗೆ ತಿರುಗಿ ಕಾಫಿ ತೋಟದೊಳಗಿನ ಹೋಂಸ್ಟೇ ಸೇರಿದಿರೋ, ಅಂಗಳದ ಯಾವ ಮೂಲೆಯಲ್ಲಿ ನಿಂತರೆ ಫೋನು ಮಾತಾಡುತ್ತದೆಂದು ಮನೆಯವರನ್ನೇ ಕೇಳಬೇಕು.

ಆದರೆ ಇ-ಪುಸ್ತಕ ಓದಲು ನೆಟ್ ಬೇಕು ಎನ್ನುವುದು ತಪ್ಪು. ನೆಟ್ ಬೇಕಾಗುವುದು ಪುಸ್ತಕ ಇಳಿಸಿಕೊಳ್ಳುವಾಗ ಮಾತ್ರ. ಒಮ್ಮೆ ಸಾಧನದೊಳಗೆ ಕೂತ ಕಡತ ಬಿಸಿಲೆಯ ಕಾಡಿನಲ್ಲೂ ತೆರೆಯುತ್ತದೆ. ಎಡವುವುದು ಬೇರೆ ಕಡೆ. ಖರೀದಿಸಿದ ಪುಸ್ತಕಗಳ ಮುಖಪುಟಗಳೆಲ್ಲ ಪರದೆಯ ಮೇಲೆ ಸಾಲಾಗಿ ಕಾಣುತ್ತಿರುತ್ತವೆ, ಹಾಗಾಗಿ ಎಲ್ಲವೂ ಒಳಗಿವೆ ಎಂದುಕೊಳ್ಳುತ್ತೇವೆ. ಅವುಗಳಲ್ಲಿ ಕೆಲವು ಇರುವುದು ಕಂಪನಿಯ ಸರ್ವರ್‌ನಲ್ಲಿ; ಇಲ್ಲಿರುವುದು ಚಿತ್ರ ಅಷ್ಟೇ. ತೋಟದ ಮನೆಯಲ್ಲಿ ಒತ್ತಿದಾಗ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಕಿಂಡಲ್‌ನಲ್ಲಿ ಇಳಿದಿರುವ ಪುಸ್ತಕದ ಮುಖಪುಟಕ್ಕೆ ಸಣ್ಣ ಟಿಕ್ ಗುರುತು ಇರುತ್ತದೆ. ಪಟ್ಟಿಯನ್ನು 'ಡೌನ್‌ಲೋಡ್ ಆದವು' ಎಂದು ಸೋಸಿ ನೋಡುವ ಸೌಲಭ್ಯವೂ ಇದೆ. ಮನೆಯಲ್ಲೇ ವೈಫೈ ಆರಿಸಿ, ಓದಬೇಕೆಂದಿರುವ ಪ್ರತಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಇನ್ನು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಶುರುಮಾಡಿದ ಡಿಜಿಟಲ್ ಗ್ರಂಥಾಲಯ ಉಚಿತವೇ, ನೋಂದಣಿಯೂ ಉಚಿತ. ಆದರೆ ಅದು ಜಾಲತಾಣ, ಆ್ಯಪ್‌ಗಳ ಮೂಲಕ ಓದುವ ವ್ಯವಸ್ಥೆ. ಘಟ್ಟಕ್ಕೆ ಅದನ್ನೇ ನೆಚ್ಚಿ ಹೊರಡಬೇಡಿ.

ಎರಡನೆಯ ನಂಬಿಕೆ: ಕಿಂಡಲ್‌ನಲ್ಲಿ ಕನ್ನಡ ಬರುವುದಿಲ್ಲ. ಇದಕ್ಕೊಂದು ಹಳೆಯ ನೋವಿನ ಹಿನ್ನೆಲೆಯಿದೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕ ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡ ಓದುಗರು ಸಿಟ್ಟಾದದ್ದು ಸರಿಯೇ. ಆದರೆ ಅಂಗಡಿ ಬೇರೆ, ಯಂತ್ರ ಬೇರೆ. ನಿಮ್ಮದೇ ಇಪಬ್ ಕಡತವನ್ನು ಯುಎಸ್‌ಬಿ ತಂತಿಯಿಂದಲೋ ಇಮೇಲ್‌ನಿಂದಲೋ ಸಾಧನಕ್ಕೆ ಸೇರಿಸಲು ಅಂಗಡಿಯ ಅಪ್ಪಣೆ ಬೇಕಿಲ್ಲ. (ಕಿಂಡಲ್‌ಗೆ ಇಪಬ್ ಅನ್ನು ನೇರವಾಗಿ ನಕಲಿಸಿದರೆ ತೆರೆಯದು, 'ಸೆಂಡ್ ಟು ಕಿಂಡಲ್' ಮೂಲಕ ಕಳಿಸಬೇಕು, ಇಲ್ಲವೇ ಕ್ಯಾಲಿಬರ್‌ನಂಥ ಉಚಿತ ತಂತ್ರಾಂಶದಲ್ಲಿ ಬದಲಿಸಿಕೊಳ್ಳಬೇಕು.) ಹೊರಡುವ ಮೊದಲು ಒಂದು ಪುಟ ತೆರೆದು ಒತ್ತಕ್ಷರಗಳು ಸರಿಯಾಗಿ ಅಕ್ಷರದ ಕೆಳಗೇ ಕೂತಿವೆಯೇ, ಪಕ್ಕಕ್ಕೆ ಜಾರಿವೆಯೇ ನೋಡಿ. ಜಾರಿದ್ದರೆ ಆ ಸಾಧನದಲ್ಲಿ ಕನ್ನಡ ಓದುವುದು ತಲೆನೋವೇ. ಆಂಡ್ರಾಯ್ಡ್ ಇರುವ ಇ-ರೀಡರ್ ಆದರೆ ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಆ್ಯಪ್ ಹಾಕಿಕೊಂಡು ಕನ್ನಡ ಪುಸ್ತಕ ಕೊಂಡೇ ಓದಬಹುದು.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ: ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಉಚಿತ; ಹಳೆಯ ಪುಸ್ತಕ, ಅಚ್ಚಿನಲ್ಲಿಲ್ಲದ ಪುಸ್ತಕ, ಲೇಖಕರು ತೀರಿಕೊಂಡ ಪುಸ್ತಕ ಯಾರದ್ದೂ ಅಲ್ಲ.

ಸಕಲೇಶಪುರಕ್ಕೆ ಹೊರಟ ಕನ್ನಡ ಓದುಗರಿಗೆ ಥಟ್ಟನೆ ನೆನಪಾಗುವುದು ಪಕ್ಕದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ವಾಟ್ಸ್ಆ್ಯಪ್ ಗುಂಪಿನಲ್ಲೋ ಟೆಲಿಗ್ರಾಂನಲ್ಲೋ ಯಾರೋ ಪಿಡಿಎಫ್ ಹಾಕಿರುತ್ತಾರೆ, "ಫ್ರೀ ಇದೆ ತಗೊಳ್ಳಿ" ಎಂದು. ಫ್ರೀ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಇರುವುದು ಲೇಖಕರ ಜೀವಿತಾವಧಿ, ಆಮೇಲೆ ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ ಲೆಕ್ಕ ಹಾಕಿ ಇನ್ನು 60 ವರ್ಷ. ಮೊದಲು ಅದು 50 ಇತ್ತು. ಟ್ಯಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಹತ್ತು ವರ್ಷ ಹೆಚ್ಚಿಸಿದರು. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಅಂದರೆ 2067ರ ಕೊನೆಯವರೆಗೆ ಹಕ್ಕಿದೆ. ಹೇಮಾವತಿ ತೀರದ ಗೊರೂರು ರಾಮಸ್ವಾಮಿ ಅಯ್ಯಂಗಾರ್ 1991ರಲ್ಲಿ ಹೋದರು. ಅವರ ಪುಸ್ತಕಗಳು 2051 ಮುಗಿಯುವವರೆಗೆ ಉಚಿತವಲ್ಲ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಿದೆ, ಬದುಕಿ ಬರೆಯುತ್ತಿದ್ದಾರೆ. ಇರುವ ಲೇಖಕರ ಕಥೆಗಳನ್ನು ಫಾರ್ವರ್ಡ್ ಮಾಡಿ "ಕನ್ನಡ ಸೇವೆ" ಎನ್ನುವುದು ನನಗಂತೂ ಅರ್ಥವಾಗದ ಸೇವೆ.

ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇದೆ, ಹಾಗಾಗಿ ಕಾನೂನುಬದ್ಧ ಎನ್ನುವವರೂ ಇದ್ದಾರೆ. ಅಲ್ಲಿ ಕನ್ನಡದ ಹಳೆಯ ಪುಸ್ತಕಗಳ ದೊಡ್ಡ ರಾಶಿಯೇ ಇದೆ, ದೊಡ್ಡ ಉಪಕಾರವೂ ಹೌದು. ಆದರೆ ಯಾರು ಬೇಕಾದರೂ ಅಲ್ಲಿಗೆ ಕಡತ ಏರಿಸಬಹುದು. ಇದೆ ಎಂಬುದು ಒಪ್ಪಿಗೆಯ ಗುರುತಲ್ಲ. ಲೇಖಕರ ವರ್ಷ ನೋಡುವ ಕೆಲಸ ನಮ್ಮದೇ.

ಹಾಗೆ ನೋಡತೊಡಗಿದರೆ ನಿಜವಾಗಿ ಉಚಿತವಾದದ್ದು ಜನ ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು 2024ರ ಜನವರಿ 1ಕ್ಕೆ ಮುಗಿದಿದೆ. ಮಂಜೇಶ್ವರದ ಗೋವಿಂದ ಪೈ ಅವರದೂ ಅದೇ ವರ್ಷ, ಅದೇ ಲೆಕ್ಕ. ಪಂಜೆ ಮಂಗೇಶರಾಯರು, ಬಿಎಂಶ್ರೀ, ಕೈಲಾಸಂ, ಕಾಫಿ ನಾಡಿನದೇ ಮಗಳಾದ ಕೊಡಗಿನ ಗೌರಮ್ಮ, ಇವರೆಲ್ಲ ಎಂದೋ ಮುಕ್ತ. ವಚನಗಳಿಗೆ, ಕುಮಾರವ್ಯಾಸನಿಗೆ ಹಕ್ಕು ಕೇಳುವವರೇ ಇಲ್ಲ. ವಚನ ಸಂಚಯ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕಬಹುದು. ಒಂದು ಎಚ್ಚರಿಕೆ: ಕುಮಾರವ್ಯಾಸನ ಪದ್ಯ ಮುಕ್ತ, ಆದರೆ ಅದಕ್ಕೆ ಈಚಿನ ವಿದ್ವಾಂಸರು ಬರೆದ ಗದ್ಯಾನುವಾದ, ಟಿಪ್ಪಣಿ ಅವರವರದ್ದು.

ಹಕ್ಕು ಮುಗಿಯದೆಯೂ ಉಚಿತವಾದದ್ದಿದೆ, ಅದೂ ಈ ಘಟ್ಟದ ಬುಡದಲ್ಲೇ. ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯದ ಹತ್ತಿರ ತಲುಪುವ ಊರು ಕುಳ್ಕುಂದ. ನಿರಂಜನ ಎಂದು ನಾವು ಕರೆಯುವ ಕುಳ್ಕುಂದ ಶಿವರಾಯರ ಊರು. ಅವರು ತೀರಿಕೊಂಡದ್ದು 1992ರಲ್ಲಿ, ಕಾಯ್ದೆಯ ಲೆಕ್ಕದಲ್ಲಿ 2052ರವರೆಗೆ ಕಾಯಬೇಕಿತ್ತು. ಆದರೆ 2014ರಲ್ಲಿ ಕುಟುಂಬದವರೇ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು: ಯಾರು ಬೇಕಾದರೂ ಓದಬಹುದು, ಹಂಚಬಹುದು, ಹೆಸರು ಹೇಳಬೇಕು. ಕಯ್ಯೂರಿನ ರೈತರ ಕಥೆ 'ಚಿರಸ್ಮರಣೆ' ಎಲ್ಲರಿಗೂ ಗೊತ್ತು. ಈ ದಾರಿಗೆ ನಾನು ಹೇಳುವುದು 'ಕಲ್ಯಾಣಸ್ವಾಮಿ'. 1837ರಲ್ಲಿ ಸುಳ್ಯ, ಕೊಡಗಿನ ಕಡೆಯಿಂದ ಎದ್ದು ಮಂಗಳೂರಿನವರೆಗೆ ನುಗ್ಗಿದ ಬಂಡಾಯವೇ ಅದರ ವಸ್ತು. ಬಿಸಿಲೆಯ ವ್ಯೂಪಾಯಿಂಟ್‌ನಲ್ಲಿ ನಿಂತು ಸೆಲ್ಫಿ ತೆಗೆಯುವಾಗ ಹಿಂದೆ ಕಾಣುವ ಸೀಮೆ ಅದೇ. ಅದೇ 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನೂ ಇದೇ ರೀತಿ ಮುಕ್ತಗೊಳಿಸಿತು.

ಇಂಗ್ಲಿಷ್ ಓದುವವರಿಗೆ ಇನ್ನೊಂದು ಗೊಂದಲ: ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಇ-ಪುಸ್ತಕ ತಾಣದಲ್ಲಿ ಇರುವುದೆಲ್ಲ ಎಲ್ಲೆಡೆ ಉಚಿತ, ಇಲ್ಲದ್ದು ಎಲ್ಲೂ ಉಚಿತವಲ್ಲ. ಅದು ಅಮೆರಿಕದ ಲೆಕ್ಕ. ಅಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ. ನಮ್ಮಲ್ಲಿ ಲೇಖಕರ ಸಾವಿನಿಂದ 60. ಕಾಡಿಗೆ ಹೋಗುವಾಗ ಬೇಕೆನಿಸುವ ಇಬ್ಬರನ್ನು ತೆಗೆದುಕೊಳ್ಳಿ. ಜಿಮ್ ಕಾರ್ಬೆಟ್ 1955ರಲ್ಲಿ ತೀರಿಕೊಂಡವರು, ಭಾರತದಲ್ಲಿ 2016ರಿಂದ ಮುಕ್ತ. 1944ರ ಕುಮಾವೂನಿನ ನರಭಕ್ಷಕಗಳ ಪುಸ್ತಕಕ್ಕೆ ಅಮೆರಿಕದಲ್ಲಿ ಇನ್ನೂ ಹಕ್ಕಿದೆ. ತೇಜಸ್ವಿ ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ 1974ರಲ್ಲಿ ಹೋದವರು. ಇಲ್ಲಿ 2034ರ ಕೊನೆವರೆಗೆ ಕಾಯಬೇಕು. ಹಾಸ್ಯ ಲೇಖಕ ಒಡ್‌ಹೌಸ್‌ನದು ಕಾರ್ಬೆಟ್‌ಗೆ ಉಲ್ಟಾ: ಮೊದಮೊದಲ ಪುಸ್ತಕಗಳು ಗುಟೆನ್‌ಬರ್ಗ್‌ನಲ್ಲಿ ರಾಶಿ ಇವೆ, ನಮ್ಮ ಕಾಯ್ದೆಯ ಪ್ರಕಾರ 2035ರ ಕೊನೆವರೆಗೆ ಹಕ್ಕು ಮುಗಿಯುವುದಿಲ್ಲ.

ಸರಿ, ಹಕ್ಕು ಮುಗಿದಿದೆ, ಕಡತ ಸಿಕ್ಕಿತು. ಪಿಡಿಎಫ್ ಎಂದರೆ ಇ-ಪುಸ್ತಕ ತಾನೆ? ಇಲ್ಲೇ ಹೆಚ್ಚಿನವರ ಉತ್ಸಾಹ ಇಳಿದುಹೋಗುವುದು. ಆರಿಂಚಿನ ಇ-ರೀಡರ್‌ನಲ್ಲಿ ಹಳೆಯ ಪುಸ್ತಕವೊಂದರ ಸ್ಕ್ಯಾನ್ ತೆರೆಯಿರಿ. ಹಳದಿಯಾದ ಕಾಗದ ಕಪ್ಪುಬಿಳುಪಿನಲ್ಲಿ ಬೂದಿಯಾಗಿ ಕಾಣುತ್ತದೆ. ಮೊದಲ ಪುಟದಲ್ಲಿ ಗ್ರಂಥಾಲಯದ ದುಂಡು ಮೊಹರು, ಸುತ್ತ ಎರಡು ಬೆರಳಗಲ ಖಾಲಿ ಅಂಚು, ನಡುವೆ ಎಳ್ಳಿನಷ್ಟು ಅಕ್ಷರ. ದೀರ್ಘ ಯಾವುದು, ಒತ್ತು ಯಾವುದು ಬಿಡಿಸಲಾಗದು. ಹಿಗ್ಗಿಸಿದರೆ ಸಾಲು ಪರದೆಯಿಂದಾಚೆ ಹೋಗುತ್ತದೆ. ಇಂಥ ಪಿಡಿಎಫ್ ಪುಟದ ಫೋಟೊ. ಪರದೆಗೆ ತಕ್ಕಂತೆ ಸಾಲು ಮುರಿದುಕೊಳ್ಳುವುದು ಇಪಬ್‌ನಂಥ ಕಡತ ಮಾತ್ರ. ಇರುವ ಉಪಾಯಗಳು: ಸಾಧನವನ್ನು ಅಡ್ಡ ಹಿಡಿದು ಅರ್ಧರ್ಧ ಪುಟ ಓದುವುದು, ಕಂಪ್ಯೂಟರಿನಲ್ಲಿ ಅಂಚು ಕತ್ತರಿಸಿಕೊಳ್ಳುವುದು, ಇಲ್ಲವೇ ಸ್ಕ್ಯಾನ್‌ಗಳನ್ನು ಹತ್ತಿಂಚಿನ ಟ್ಯಾಬ್‌ಗೆ ಬಿಟ್ಟು ಇ-ರೀಡರ್‌ನಲ್ಲಿ ಇಪಬ್ ಮಾತ್ರ ಇಟ್ಟುಕೊಳ್ಳುವುದು. ನಾನು ಮೂರನೆಯದರ ಪರ.

ಡಿಟಿಪಿ ಕಾಲದ ಕೆಲವು ಪಿಡಿಎಫ್‌ಗಳಲ್ಲಿ ಇನ್ನೊಂದು ಕಾಟ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಜೋಡಿಸಿದ ಪಠ್ಯವನ್ನು ಇಪಬ್‌ಗೆ ಬದಲಿಸಿದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಹೊರಬೀಳುತ್ತದೆ. ಸಾಧನ ಕೆಟ್ಟಿಲ್ಲ, ಆ ಪಠ್ಯ ಯೂನಿಕೋಡ್ ಅಲ್ಲ ಅಷ್ಟೇ. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಸ್ಕ್ಯಾನ್ ಪುಟಗಳನ್ನು ಯೂನಿಕೋಡಿಗೆ ತಂದು ಕರಡು ತಿದ್ದುತ್ತಾರೆ. ಅಲ್ಲಿಂದ ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ತ್ರಿವೇಣಿಯ ಹಕ್ಕು ಮುಗಿಯಿತು ಎಂದ ಮಾತ್ರಕ್ಕೆ ತ್ರಿವೇಣಿ ಇಪಬ್ ಆಗಿ ಕೈಗೆ ಬರುವುದಿಲ್ಲ. ಯಾರಾದರೂ ಕೂತು ಅಕ್ಷರ ಅಕ್ಷರ ನೋಡಬೇಕು.

ಉಳಿದವು ಚಿಲ್ಲರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇ-ರೀಡರ್ ಗತಿ ಏನು ಎನ್ನುವವರಿಗೆ: ಇ-ಇಂಕ್ ಪರದೆ ವಿದ್ಯುತ್ ಬಳಸುವುದು ಪುಟ ಬದಲಾಗುವಾಗ ಮಾತ್ರ. ವೈಫೈ ಆರಿಸಿ, ಬೆಳಕು ತಗ್ಗಿಸಿಟ್ಟರೆ ಚಾರ್ಜು ವಾರಗಟ್ಟಲೆ ಬರುತ್ತದೆ. 2024ರ ಜುಲೈನಲ್ಲಿ ಈ ಘಟ್ಟದ ರೈಲುದಾರಿಯ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಜರಿದು ರೈಲುಗಳು ನಿಂತವಲ್ಲ, ಅಂಥ ದಿನಗಳಲ್ಲಿ ಫೋನಿನ ಬ್ಯಾಟರಿಯನ್ನು ಫೋನಿಗೇ ಉಳಿಸಬಹುದು. ನೀರು ಬಿದ್ದರೆ ಏನೂ ಆಗದು ಎನ್ನುವುದು ಎಲ್ಲ ಸಾಧನಕ್ಕೂ ನಿಜವಲ್ಲ: ಪೇಪರ್‌ವೈಟ್ 2018ರಿಂದ ಜಲನಿರೋಧಕ, ಕಡಿಮೆ ಬೆಲೆಯ ಮೂಲ ಕಿಂಡಲ್ ಅಲ್ಲ. ಇ-ಇಂಕ್ ಪರದೆಯ ಬೆಳಕು ಕಣ್ಣಿಗೆ ಬಡಿಯುತ್ತದೆ ಎನ್ನುವುದೂ ತಪ್ಪು, ಅದರ ದೀಪ ಪರದೆಯ ಮೇಲೆ ಬಿದ್ದು ಕಾಗದದ ಹಾಗೆ ಹಿಂದಿರುಗುತ್ತದೆ. ದೀಪವೇ ಇಲ್ಲದ ಹಳೆಯ ಮಾದರಿ ಇದ್ದವರು ಸಕಲೇಶಪುರ-ಸುಬ್ರಹ್ಮಣ್ಯ ಹಗಲು ರೈಲಿನಲ್ಲಿ ಓದಲು ಕೂರಬೇಡಿ. 57 ಸುರಂಗ, ಬೋಗಿಯ ದೀಪ ಹಾಕದಿದ್ದರೆ ಪ್ರತಿ ಸುರಂಗಕ್ಕೂ ಸಾಲು ತಪ್ಪುತ್ತದೆ. ಕಿಟಕಿಯಾಚೆ ನೋಡುವುದೇ ಮೇಲು.

ಮಕ್ಕಳು ಜೊತೆಗಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ನೋಡಿ. 2015ರಲ್ಲಿ ಶುರುವಾದ ಈ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಇಳಿಸಿಕೊಳ್ಳಲೂ ಬರುತ್ತವೆ. ಕಪ್ಪುಬಿಳುಪು ಇ-ಇಂಕ್‌ನಲ್ಲಿ ಆ ಚಿತ್ರಗಳು ಸಪ್ಪೆ ಕಾಣುತ್ತವೆ, ಟ್ಯಾಬ್‌ಗೆ ಹಾಕಿಕೊಳ್ಳಿ.