ಬೇನೆಬಿದ್ದ ಮಗು ಮತ್ತು ರಕ್ತದ ಸಕ್ಕರೆ

ಜ್ವರ ನೆತ್ತಿಗೇರಿ ಫಿಟ್ಸ್ ಬಂದ, ಇಲ್ಲವೆ ವಾಂತಿ-ಭೇದಿಯಿಂದ ನಿತ್ರಾಣವಾದ ಮಗುವನ್ನು ರಾತ್ರೋರಾತ್ರಿ ಸೊಲ್ಲಾಪುರಕ್ಕೆ ಒಯ್ಯುವುದು ಅಕ್ಕಲಕೋಟ ಕಡೆಯ ನಮ್ಮ ಮನೆಗಳಿಗೆ ಹೊಸದಲ್ಲ. ದವಾಖಾನೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ತೀರ ಇಳಿದಿದೆಯೇ ಎಂದು ತಿಳಿಯುವುದೇ ಮುಖ್ಯ ಉದ್ದೇಶ. ಆದರೆ ಕೆಲವೊಮ್ಮೆ 180, 200 ಎಂದು ಏರಿದ್ದೂ ಕಾಣುತ್ತದೆ. ಅಷ್ಟು ಕೇಳಿದ್ದೇ ತಡ, ಅಜ್ಜಿ ಅಳುತ್ತಾರೆ. ಯಾರ ಮನೆತನದಿಂದ ಬಂತೆಂದು ಬೀಗರಲ್ಲಿ ಮಾತು ಬೆಳೆಯುತ್ತದೆ.

ಶ್ರಾವಕ-ಶ್ರಾವಿಕೆಯರು ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ತಿಳಿಯಬೇಕು.

ಒಂದು, ಬೇನೆಯ ಒತ್ತಡದಿಂದ ಏರುವ ಸಕ್ಕರೆ. ದೇಹಕ್ಕೆ ಆಪತ್ತು ಬಂದಾಗ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳು ಹೆಚ್ಚಿ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಬರಗಾಲದಲ್ಲಿ ಹಗೇವಿನ ಬಾಯಿ ತೆರೆದಂತೆ. ಮೂಲ ಬೇನೆ ಇಳಿದಂತೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇದೂ ಇಳಿಯುತ್ತದೆ. ಉಬ್ಬಸಕ್ಕೆ ಕೊಟ್ಟ ಸ್ಟಿರಾಯ್ಡ್, ಗ್ಲುಕೋಸ್ ಸಲೈನ್, ಅಷ್ಟೇಕೆ, ಬೆಲ್ಲ ಮುಟ್ಟಿ ತೊಳೆಯದ ಬೆರಳು ಕೂಡ ಅಂಕಿಯನ್ನು ಏರಿಸಬಲ್ಲದು. ಇನ್ಸುಲಿನ್ ಏಕೆ ಕೊಡಲಿಲ್ಲವೆಂದು ವೈದ್ಯರೊಡನೆ ವಾದ ಬೇಡ. ಅಮೆರಿಕದ 35 ಕೇಂದ್ರಗಳಲ್ಲಿ, ತೀವ್ರ ನಿಗಾದಲ್ಲಿದ್ದ ಮಕ್ಕಳ ಸಕ್ಕರೆಯನ್ನು ಇನ್ಸುಲಿನ್ನಿನಿಂದ 80–110ರೊಳಗೆ ಬಿಗಿಹಿಡಿದು ನೋಡಿದರು. 2017ರಲ್ಲಿ ಫಲಿತಾಂಶ ಬಂತು: 150–180ರಲ್ಲಿ ಬಿಟ್ಟವರಿಗಿಂತ ಲಾಭವೇನೂ ಆಗಲಿಲ್ಲ, ಸಕ್ಕರೆ ಅಪಾಯಕ್ಕೆ ಕುಸಿದ ಮಕ್ಕಳೇ ಹೆಚ್ಚಾಗಿದ್ದರು.

ಇನ್ನೊಂದು, ನಿಜವಾದ ಸಕ್ಕರೆ ರೋಗ. ಇಲ್ಲಿ ತಡಮಾಡಿದರೆ ಜೀವಕ್ಕೆ ಅಪಾಯ. ವಾಂತಿ, ಹೊಟ್ಟೆನೋವು, ಏದುಸಿರು ಕಂಡು ಅಜೀರ್ಣವೆಂದೋ ನ್ಯುಮೋನಿಯಾವೆಂದೋ ಬಗೆಯುವುದುಂಟು. ತಾಯಂದಿರು ಹಿಂದಿನ ವಾರಗಳನ್ನು ನೆನೆಯಬೇಕು: ಪದೇ ಪದೇ ಮೂತ್ರಕ್ಕೆ ಏಳುವುದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದದ್ದು, ಉಂಡರೂ ಸೊರಗಿದ್ದು. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಮನೆಯಲ್ಲಿ ಮಗು ನಡುರಾತ್ರಿ ನೀರಿಗೆ ಹಟ ಹಿಡಿದರೆ ಗದರಿಸಬೇಡಿರಿ; ನೀರು ಕೊಡಿರಿ, ಬೆಳಗಾಗುತ್ತಲೇ ವೈದ್ಯರಿಗೆ ತೋರಿಸಿರಿ. ಇಟಲಿಯ ಪಾರ್ಮಾ ಪ್ರಾಂತದಲ್ಲಿ 1991ರಿಂದ ಶಾಲೆಗಳಲ್ಲಿಯೂ ಮಕ್ಕಳ ವೈದ್ಯರಲ್ಲಿಯೂ ಇಂಥ ಲಕ್ಷಣಗಳ ಚಿತ್ರಪಟ ತೂಗುಹಾಕಿದರು. ಹೊಸದಾಗಿ ರೋಗ ಗೊತ್ತಾದ 6ರಿಂದ 14 ವರ್ಷದವರಲ್ಲಿ, ರಕ್ತ ಆಮ್ಲವಾಗುವ ಹಂತ ಮುಟ್ಟಿ ಬರುವವರು ನೂರಕ್ಕೆ 78ರಿಂದ 12.5ಕ್ಕೆ ಇಳಿದರು.

ಎರಡನ್ನೂ ಬೇರ್ಪಡಿಸಲು ಮೂತ್ರದ ಕೀಟೋನ್ ಪರೀಕ್ಷೆ, ಎಚ್‌ಬಿಎ1ಸಿ ಪರೀಕ್ಷೆಗಳು ನೆರವಾಗುತ್ತವೆ. ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಬೆರಳಿನದು ಇಂದಿನ ಗಲ್ಲೆ, ಎಚ್‌ಬಿಎ1ಸಿ ಎರಡು-ಮೂರು ತಿಂಗಳ ಖಾತೆ.

ರೋಗ ಖಚಿತವಾದರೆ ಇನ್ಸುಲಿನ್ ಒಂದು ದಿನವೂ ನಿಲ್ಲಿಸುವಂತಿಲ್ಲ. ಮೊದಲು ಅದು ದನ-ಹಂದಿಗಳ ಗ್ರಂಥಿಯಿಂದ ಬರುತ್ತಿತ್ತೆಂದು ಹಿರಿಯರಿಗೆ ಸಂಕೋಚವಿತ್ತು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲೇ ಬಂದಿದೆ. ಹೆಣ್ಣುಮಗುವಿಗೆ ಮುಂದೆ ಸಂಬಂಧ ಕೂಡಲಿಕ್ಕಿಲ್ಲವೆಂದು ಸೂಜಿ ಬಚ್ಚಿಡುವವರಿಗೆ ನಾನು ಕೇಳುವುದಿಷ್ಟೇ: ಮಗು ಉಳಿದರಲ್ಲವೇ ಸಂಬಂಧ?

ದವಾಖಾನೆಯಿಂದ ಹೊರಡುವಾಗ ಸಕ್ಕರೆಯ ಅಂಕಿಗಳಿರುವ ಕಾಗದ ಕೇಳಿ ತನ್ನಿರಿ. ಜ್ವರ ಬಿಟ್ಟ ಮೇಲೆ ಮತ್ತೆ ಯಾವಾಗ ನೋಡಬೇಕೆಂದು ಅಲ್ಲಿಯೇ ಬರೆಸಿಕೊಳ್ಳಿರಿ.