ಬಾರದ ಹಲ್ಲಿನ ಹಿಂದೊಂದು ಹೆಚ್ಚುವರಿ ಹಲ್ಲು

ಹಾಲುಹಲ್ಲು ಬಿದ್ದರೆ ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಸಂಭ್ರಮ ನಮ್ಮಲ್ಲಿದೆ. ಬಿದ್ದ ಹಲ್ಲಿಗೆ ಸಿಗುವ ಈ ಮರ್ಯಾದೆ ಬಾರದ ಹಲ್ಲಿಗಿಲ್ಲ. ‘ಬರುತ್ತೆ ಬಿಡಿ, ಇನ್ನೂ ಮಗು’ ಎಂದು ವರ್ಷಗಟ್ಟಲೆ ಕಾಯುತ್ತೇವೆ.

ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಸಾಮಾನ್ಯವಾಗಿ 7–8ನೇ ವಯಸ್ಸಿಗೆ ಮೂಡುತ್ತವೆ. ಒಂದು ಬಂದು 6 ತಿಂಗಳಾದರೂ ಅದರ ಜೋಡಿ ಕಾಣದಿದ್ದರೆ, ಇಲ್ಲವೇ ಪಕ್ಕದ ಹಲ್ಲೇ ಮೊದಲು ಬಂದುಬಿಟ್ಟರೆ, ಎಕ್ಸ್‌ರೇ ತೆಗೆಸಬೇಕು. ಒಸಡಿನೊಳಗೆ ಲೆಕ್ಕಕ್ಕಿಲ್ಲದ ಹಲ್ಲೊಂದು ಅಡ್ಡ ಕೂತಿರಬಹುದು. ನೂರರಲ್ಲಿ ಒಂದರಿಂದ ಮೂರು ಮಕ್ಕಳಿಗೆ ಇಂಥ ಹೆಚ್ಚುವರಿ ಹಲ್ಲಿರುತ್ತದೆ. ಗಂಡುಮಕ್ಕಳಲ್ಲಿ ಸುಮಾರು ಇಮ್ಮಡಿ. ಬಹುಪಾಲು ಮೇಲ್ದವಡೆಯ ನಟ್ಟನಡುವೆ. ವೈದ್ಯರು ಇದನ್ನು ಮೀಸಿಯೋಡೆನ್ಸ್ ಎನ್ನುತ್ತಾರೆ. ಅಪರೂಪದ ತುದಿಯೂ ಒಂದಿದೆ: 2019ರಲ್ಲಿ ಚೆನ್ನೈನ ಸವೀತಾ ದಂತ ಕಾಲೇಜಿನಲ್ಲಿ 7 ವರ್ಷದ ಹುಡುಗನ ದವಡೆಯ ಗಡ್ಡೆಯೊಂದರಿಂದ 526 ಪುಟ್ಟ ಹಲ್ಲುಗಳನ್ನು ತೆಗೆದರು!

ಹೆಚ್ಚುವರಿ ಹಲ್ಲಿನ ಆಕಾರ ಮುಖ್ಯ. ಶಂಕುವಿನಂಥದ್ದು ಅಕ್ಕಪಕ್ಕದ ಹಲ್ಲನ್ನು ತಿರುಚಬಹುದು, ನಡುವೆ ಸಂದಿ ಬಿಡಿಸಬಹುದು. ಎಷ್ಟೋ ಸಲ ತಾನೇ ಹೊರಗೂ ಬರುತ್ತದೆ. ದಪ್ಪನೆಯ, ಗಂಟುಗಂಟಾದದ್ದು ಮಾತ್ರ ಬಸ್ಸಿನ ಬಾಗಿಲಲ್ಲೇ ನಿಂತವನ ಹಾಗೆ: ತಾನೂ ಇಳಿಯದು, ಹಿಂದಿನ ಹಲ್ಲಿಗೂ ದಾರಿ ಬಿಡದು.

ಹಾಗೆಂದು ಕಂಡ ಕೂಡಲೇ ಕತ್ತರಿಸುವುದೂ ಜಾಣತನವಲ್ಲ. ತೀರಾ ಚಿಕ್ಕ ವಯಸ್ಸಿನಲ್ಲಿ ಕೈಹಾಕಿದರೆ ಪಕ್ಕದಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೇ ಪೆಟ್ಟಾದೀತು. ತಡಮಾಡಿದರೆ ಬಾಚಿಹಲ್ಲಿನ ಬೇರು ಪೂರ್ತಿ ಬೆಳೆದು, ತಾನಾಗಿ ಹೊರಬರುವ ಶಕ್ತಿ ಕುಂದುತ್ತದೆ. ಆಮೇಲೆ ತಂತಿ ಕಟ್ಟಿ ಎಳೆಯಬೇಕಾಗುತ್ತದೆ. ದಾರಿಗೆ ಅಡ್ಡವಾದ ಹಲ್ಲು ಮೊದಲೇ ಪತ್ತೆಯಾದರೆ ಅದನ್ನು 6–7ರ ಹೊತ್ತಿಗೆ ತೆಗೆದುಬಿಡುವುದೇ ಲೇಸು ಎನ್ನುವವರು ಹೆಚ್ಚು. ನನಗೂ ಅದೇ ಸರಿ ಎನಿಸುತ್ತದೆ. ಆಳದಲ್ಲಿ ತೊಂದರೆ ಕೊಡದೆ ಮಲಗಿರುವುದನ್ನು ಆಗಾಗ ಎಕ್ಸ್‌ರೇ ತೆಗೆಸಿ ಗಮನಿಸುತ್ತಿದ್ದರೂ ನಡೆದೀತು.

ಶಸ್ತ್ರಚಿಕಿತ್ಸೆ ಎಂದರೆ ಮನೆಮಂದಿಗೆಲ್ಲ ಗಾಬರಿ. ನಡೆಯುವುದಿಷ್ಟೇ: ಮರಗಟ್ಟಿಸುವ ಸೂಜಿ, ಹಟಮಾರಿ ಮಗುವಾದರೆ ಪೂರ್ಣ ಅರಿವಳಿಕೆ, ಹೆಚ್ಚಾಗಿ ಅಂಗುಳಿನ ಕಡೆಯಿಂದ ಒಸಡು ಬಿಡಿಸಿ ಹಲ್ಲು ತೆಗೆದು ಹೊಲಿಗೆ. ಕೆಲವು ದಿನ ಮೆತ್ತನೆಯ ಊಟ. ಜಾಗವಿದ್ದರೆ ಒಳಗೇ ಸಿಕ್ಕಿಕೊಂಡಿದ್ದ ಬಾಚಿಹಲ್ಲು ಹಲವು ತಿಂಗಳಲ್ಲಿ ತಾನೇ ಇಳಿಯುವುದುಂಟು.

ವೈದ್ಯರು ‘ಸ್ವಲ್ಪ ದಿನ ನೋಡೋಣ’ ಎಂದರೆ, ಮತ್ತೆ ಯಾವಾಗ ಬರಬೇಕೆಂದು ಕೇಳಿ, ಚೀಟಿಯಲ್ಲಿ ದಿನಾಂಕ ಬರೆಸಿಕೊಂಡೇ ಹೊರಡಿ.